ಜರ್ಮನಿಯಲ್ಲಿ ಸುಂಕಲಮ್ಮನ ಎಡಗಿವಿ

ಜರ್ಮನಿಯಲ್ಲಿ ಏನೇನು ನೋಡಿದೆ ಎಂದು ಊರವರೆಲ್ಲ ಕೇಳುತ್ತಾರೆ. ಮೊದಲೇ ಹೇಳುತ್ತೇನೆ, ಹೋದ ಕೆಲಸದ ಹೊತ್ತಿನಲ್ಲೆಲ್ಲ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ತೆರೆದಿದ್ದಾಗ ಕಂಡದ್ದನ್ನಷ್ಟೇ ಬರೆಯುತ್ತೇನೆ. ನನಗೆ ಅಕ್ಷರ ಬಂದದ್ದು ತಡವಾಗಿ, ರಾತ್ರಿ ಶಾಲೆಯಲ್ಲಿ, ಅದೂ ಅರ್ಧ. ಒತ್ತು ತಪ್ಪಿದ್ದಲ್ಲಿ ಪಾರ್ವತಿ ಮೇಡಂ ತಿದ್ದಿದ್ದಾರೆ. ಮಾತು ಮಾತ್ರ ಮುಟ್ಟಬೇಡಿ ಎಂದು ಹೇಳಿದ್ದೇನೆ.

ಕಾಲುವೆಯ ಎರಡು ದಂಡೆ

ಕಂಪ್ಲಿಯ ಹತ್ತಿರ ನಮ್ಮದು ಮೇಲಿನ ಮಾಗಾಣಿ. ಕಾಲುವೆ ದಾಟಿದರೆ ಕೆಳಗಿನ ಮಾಗಾಣಿ. ಎರಡೂ ಊರಿಗೆ ಸುಂಕಲಮ್ಮನೇ ದೇವಿ. ನಮ್ಮಾಕೆ ಅಕ್ಕ, ಅವರಾಕೆ ತಂಗಿ. ಇಬ್ಬರ ಹಿತ್ತಾಳೆ ಮುಖವನ್ನೂ ಒಬ್ಬನೇ ಕಂಚುಗಾರ ಎರಕ ಹೊಯ್ದದ್ದು.

ನಾನೂ ನನ್ನ ತಂಗಿ ಹುಲಿಗೆವ್ವನೂ ಸಂಡೂರು ಕಡೆಯವರು. ನನ್ನನ್ನು ಮೇಲಿನ ಮಾಗಾಣಿಗೆ ಕೊಟ್ಟರು, ಅವಳನ್ನು ಕೆಳಗಿನ ಮಾಗಾಣಿಗೆ. ಎರಡು ಮನೆತನಕ್ಕೂ ಆಯಾ ಊರಿನ ದೇವಿಯ ಮುಖ ತೊಳೆಯುವ ಕೆಲಸ. ವರ್ಷಕ್ಕೊಂದು ಸಲ ಬೆಳ್ಳಿ ಕಣ್ಣು ಕಿತ್ತು, ಕುಂಕುಮ, ಅರಿಶಿನ ಎಲ್ಲ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ಕಣ್ಣಿಲ್ಲದ ಬರೀ ಮುಖವನ್ನು ಯಾರೂ ನೋಡಬಾರದು. ಅದಕ್ಕೇ ಕಂಬಳಿ ಅಡ್ಡ ಕಟ್ಟಿ, ಅದರ ಹಿಂದೆ ಕೂತು, ಕಣ್ಣು ಮುಚ್ಚಿಕೊಂಡು ತೊಳೆಯುತ್ತೇವೆ. ಹಾಗಾಗಿ ನಮ್ಮ ದೇವಿ ನನಗೆ ಕೈಯಲ್ಲಿ ಗೊತ್ತೇ ಹೊರತು ಕಣ್ಣಲ್ಲಿ ಗೊತ್ತಿಲ್ಲ. ಆಕೆಯ ಎಡಗಿವಿಯ ಹಿಂದೆ ಹುಣಸೆಬೀಜದಷ್ಟು ಒಂದು ಗಂಟು ಇದೆ. ಅಲ್ಲಿ ಕಿಲುಬು ಭಾಳ ಕೂಡುತ್ತದೆ, ಉಗುರು ಹಾಕಿ ತೆಗೆಯಬೇಕು.

ನನ್ನ ಹಿರಿಮಗ ಹುಟ್ಟಿದ ವರ್ಷ ನಮ್ಮ ಗುಡಿಯಿಂದ ಆ ಮುಖ ಕಳುವಾಯಿತು. ಈಗ ಆ ಮಗನ ತಲೆ ಬೆಳ್ಳಗಾಗಿದೆ. ಅಕ್ಕನಿಗೆ ಮೊದಲ ಮರ್ಯಾದೆ ಹೋಗುತ್ತದೆ ಅಂತ ಹೊಟ್ಟೆಕಿಚ್ಚಿಗೆ ಕೆಳಗಿನವರೇ ಕದ್ದು ಹೊಳೆಗೆ ಎಸೆದರು ಎಂದು ನಮ್ಮವರು ಅಂದರು. ನೀವೇ ಮಾರಿಕೊಂಡು ನಮ್ಮ ಮೇಲೆ ಹೇಳುತ್ತೀರಿ ಎಂದು ಅವರು ಅಂದರು. ಅಲ್ಲಿಗೆ ಹೆಣ್ಣು ಕೊಡುವುದು ತರುವುದು ನಿಂತಿತು. ಅಕ್ಕ ತಂಗಿಯರು ನಾವೂ ಮಾತು ಬಿಟ್ಟೆವು.

ಪೂರ್ತಿ ಬಿಟ್ಟೆವು ಅಂದರೆ ಸುಳ್ಳಾಗುತ್ತದೆ. ಕಾಲುವೆಯ ಈ ದಂಡೆಯಲ್ಲಿ ನಾನು ಎಮ್ಮೆ ಮೈ ತೊಳೆಯುವಾಗ ಆ ದಂಡೆಯಲ್ಲಿ ಅವಳೂ ತೊಳೆಯುತ್ತಿದ್ದಳು. "ಏ ಎಮ್ಮಿ, ಕೆಲವರ ಸೊಕ್ಕು ನೋಡು, ಮುಪ್ಪಾದ್ರೂ ಇಳಿದಿಲ್ಲ" ಎಂದು ಅವಳು ತನ್ನ ಎಮ್ಮೆಗೆ ಹೇಳುವಳು. "ಕಳ್ಳರ ನೀರು ಕುಡಿಬ್ಯಾಡವ್ವ, ಹಾಲು ಒಡಿತಾವು" ಎಂದು ನಾನು ನನ್ನ ಎಮ್ಮೆಗೆ ಹೇಳುವೆ. ಎಮ್ಮೆಗಳು ಸತ್ತು ಬೇರೆ ಎಮ್ಮೆ ಬಂದವು. ಮಾತು ಅದೇ ನಡೆಯಿತು.

ಹೊಸಪೇಟೆ ಸ್ಟೇಷನ್ನು

ಪಾರ್ವತಿ ಮೇಡಂ ಹೊಸಪೇಟೆ ಕಾಲೇಜಿನಲ್ಲಿ ಇತಿಹಾಸ ಕಲಿಸುವವರು. ಅವರಿಗೆ ಹಂಪಿ ಬಜಾರಿನ ಕಲ್ಲು ಮಂಟಪದಲ್ಲಿ ಮಾರ್ಟಾ ಎಂಬ ಜರ್ಮನಿಯ ಹೆಣ್ಣುಮಗಳ ಗುರುತಾಯಿತು. ಮ್ಯೂಸಿಯಮ್ಮಿನಾಕೆ. ಅವರ ಉಗ್ರಾಣದಲ್ಲಿ ಒಂದು ಹಿತ್ತಾಳೆ ಮುಖ ಇದೆಯಂತೆ, ಯಾವ ಊರಿನದೋ ಗೊತ್ತಿಲ್ಲವಂತೆ. ಕಂಪ್ಯೂಟರು ಮಾತ್ರ ಅದು ಮೇಡಂ ತೆಗೆದುಕೊಟ್ಟ ಕೆಳಗಿನ ಮಾಗಾಣಿಯ ದೇವಿಯ ಫೋಟೋದ ಹಾಗೇ ಇದೆ ಎಂದು ತೋರಿಸಿದೆಯಂತೆ. ಕೆಳಗಿನವರ ದೇವಿ ಗುಡಿಯಲ್ಲೇ ಕೂತಿದ್ದಾಳೆ. ಅಂದ ಮೇಲೆ ಅಲ್ಲಿರುವುದು ನಮ್ಮದೇ ಇರಬೇಕು ಎಂದು ಮೇಲಿನ ಮಾಗಾಣಿ ಕುಣಿಯಿತು.

ನಮ್ಮ ದೇವಿಯ ಮುಖ ತೊಳೆದವರಲ್ಲಿ ಬದುಕಿರುವಾಕೆ ನಾನೊಬ್ಬಳೇ. ಬಂದು ಗುರುತು ಹಿಡಿಯಲಿ ಎಂದು ಮ್ಯೂಸಿಯಮ್ಮಿನವರು ಕರೆಸಿದರು. ಮಾತು ತಿರುಗಿಸಿ ಹೇಳಲು ಪಾರ್ವತಿ ಮೇಡಂ ಜೊತೆಗೆ ಹೊರಟರು.

ಸ್ಟೇಷನ್ನಿಗೆ ಅರ್ಧ ಊರು ಬಂದಿತ್ತು. ರೈಸ್ ಮಿಲ್ಲಿನ ಶರಣಪ್ಪ ನಮ್ಮ ಊರಿನ ಹಿರಿಯ. ಕಿಟಕಿಯಲ್ಲಿ ತಲೆ ಹಾಕಿ ಹೇಳಿದ.

"ಗಂಗವ್ವ, ನಮ್ಮದ ಅಂತ ಹೇಳಿ ಬಾ."

"ಅಲ್ದಿದ್ರ?"

"ಅಲ್ದಿದ್ರ ಹೆಂಗ? ನಮ್ಮದ ಐತಿ."

"ಹಂಗಾದ್ರ ನನ್ನ ಯಾಕ ಕಳಸ್ತೀ? ನಿನ್ನ ಬಾಯಿನ ಕಳಸು."

ರೈಲು ಹೊರಟ ಮೇಲೆ ಯೋಚನೆ ಮಾಡಿದೆ. ಅದು ನಮ್ಮದೇ ಆದರೆ ಯಾವನೋ ಕಳ್ಳ ಜರ್ಮನಿಯ ತನಕ ಮಾರಿದ ಅಂತಾಯಿತು, ಕೆಳಗಿನವರು ನಿರಪರಾಧಿಗಳು. ಆಗ ಹುಲಿಗೆವ್ವನ ಬಾಗಿಲಿಗೆ ಹೋಗಿ, ನಿಮ್ಮವರು ಕಳ್ಳರಲ್ಲವ್ವ ಎಂದು ನಾನು ತಲೆ ಬಗ್ಗಿಸಬೇಕು. ನಮ್ಮದಲ್ಲದಿದ್ದರೆ ದೇವಿಯೂ ಇಲ್ಲ, ಎಮ್ಮೆಯ ಮಾತೂ ತಪ್ಪಲ್ಲ. ನನಗೆ ಬೇಕಾಗಿದ್ದದ್ದು ಎರಡೂ. ದೇವಿ ಸಿಗಬೇಕು, ತಂಗಿಗೆ ತಲೆ ಬಗ್ಗಿಸಬಾರದು. ಎರಡೂ ಒಟ್ಟಿಗೆ ಆಗುವ ದಾರಿ ಗುಂತಕಲ್ಲು ದಾಟಿದರೂ ಹೊಳೆಯಲಿಲ್ಲ.

ವಿಮಾನ ಇಳಿದ ಜಾಗ

ವಿಮಾನದ ಬಗ್ಗೆ ಬರೆಯುವುದು ಏನೂ ಇಲ್ಲ. ಮರಿಯಮ್ಮನಹಳ್ಳಿಯಿಂದ ಅದಿರು ಲಾರಿಯಲ್ಲಿ ಕೂತು ಬಂದರೆ ಇದಕ್ಕಿಂತ ಹೆಚ್ಚು ಕಾಣುತ್ತದೆ.

ಇಳಿದ ಮೇಲೆ ಒಬ್ಬ ಪೊಲೀಸಿನವನು ನನ್ನ ಚೀಲ ಬಿಚ್ಚಿಸಿದ. ದೇವಿಗೆ ಬೇಕಾದೀತು ಎಂದು ಹಳೇ ಹುಣಸೆಹಣ್ಣಿನ ಮುದ್ದೆ ಒಯ್ದಿದ್ದೆ. ಕರ್ರಗೆ, ಜಿಗುಟಾಗಿ, ಬಟ್ಟೆಯಲ್ಲಿ ಸುತ್ತಿದ್ದೆ. ಅದನ್ನು ಅವನು ದೂರ ಹಿಡಿದು ನೋಡಿದ. ಆಮೇಲೆ ಒಂದು ನಾಯಿ ಕರೆಸಿದ. ನಾಯಿ ಮೂಸಿತು, ನನ್ನ ಮಾರಿ ನೋಡಿತು, ಸೀನಿತು.

"ಏನಿದು ಅಂತ ಕೇಳ್ತಾರ" ಅಂದರು ಮೇಡಂ.

"ಮಾರಿ ತೊಳಿಯೋದು ಅಂತ ಹೇಳ್ರಿ."

"ಯಾರ ಮಾರಿ ಅಂತಾರ."

"ಸುಂಕಲಮ್ಮಂದು."

ಮೇಡಂ ಏನು ಹೇಳಿದರೋ ಕಾಣೆ. ಅವನು ಮುದ್ದೆಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಕೊಟ್ಟ ಹಾಗೆ ವಾಪಸು ಕೊಟ್ಟ.

ಮಾರ್ಟಾಳ ಊರು

ಊರಿನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ದೊಡ್ಡ ಹೊಳೆ ಇದೆ, ಅದರಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ. ಮಾರ್ಟಾ ತೆಂಗಿನ ಮರದಷ್ಟು ಉದ್ದ, ಮೆತ್ತಗೆ ಮಾತಾಡುತ್ತಾಳೆ. ಅಲ್ಲಿ ಎಲ್ಲರೂ ಮೆತ್ತಗೇ. ರೈಲಿನಲ್ಲಿ ಒಬ್ಬರೂ ಬಾಯಿ ಬಿಡಲ್ಲ. ಯಾರೋ ಸತ್ತಿದ್ದಾರೆ ಅಂದುಕೊಂಡು ನಾನೂ ಸುಮ್ಮನೆ ಕೂತೆ. ಆಮೇಲೆ ಗೊತ್ತಾಯಿತು, ದಿನಾಲೂ ಹಾಗೇ ಅಂತೆ. ನಾಯಿಗಳು ಸೀಟಿನ ಕೆಳಗೆ ಮಲಗಿ ಬರುತ್ತವೆ, ಅವೂ ಬೊಗಳುವುದಿಲ್ಲ.

ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಕೆಂಪು ದೀಪ ಇದೆ ಎಂದು ಜನ ನಿಂತಿದ್ದರು. ನಾನು ದಾಟಿದೆ. ಒಬ್ಬ ಮುದುಕಿ ನನ್ನ ಹಿಂದೆ ಏನೋ ಕೂಗಿದಳು. ಭಾಷೆ ಗೊತ್ತಾಗಲಿಲ್ಲ, ಬೈಗುಳ ಗೊತ್ತಾಯಿತು. ಆ ಊರಿನಲ್ಲಿ ನನಗೆ ಮನಸ್ಸಿಗೆ ಬಂದಾಕೆ ಅವಳೇ. ಹುಲಿಗೆವ್ವನ ಧ್ವನಿ ಇತ್ತು.

ರಾತ್ರಿ ಒಲೆ ಹಚ್ಚುವುದಿಲ್ಲ. ತಣ್ಣನೆ ರೊಟ್ಟಿ, ಅದರ ಮೇಲೆ ತಣ್ಣನೆ ಬೆಣ್ಣೆಗಟ್ಟಿ. ನಮ್ಮಲ್ಲಿ ಸಾವಿನ ಮನೆಯಲ್ಲೂ ಪಕ್ಕದವರು ಬಿಸಿ ಅನ್ನ ತಂದು ಕೊಡುತ್ತಾರೆ.

ರೂಪ ಕೂಡಿಸುವ ಗೋಡೆ

ಮ್ಯೂಸಿಯಮ್ಮಿನಲ್ಲಿ ಒಂದು ಗೋಡೆ ತುಂಬಾ ಗಾಜು. ಅದರಲ್ಲಿ ಕಣದಲ್ಲಿ ಭತ್ತ ಹರವಿದಂತೆ ಸಣ್ಣ ಸಣ್ಣ ಚಿತ್ರಗಳು. ಉಗ್ರಾಣದಲ್ಲಿರುವ ಸಾಮಾನೆಲ್ಲ ಅಲ್ಲಿದೆಯಂತೆ. ಮಡಿಕೆ, ಕತ್ತಿ, ಗೊಂಬೆ, ಬಾಚಣಿಕೆ. ಹಿಂದೆ ಇವನ್ನು ದೇಶ ನೋಡಿ, ಕಾಲ ನೋಡಿ ಬೇರೆ ಬೇರೆ ಇಡುತ್ತಿದ್ದರಂತೆ. ಈ ಕಂಪ್ಯೂಟರಿಗೆ ಅದೊಂದೂ ಗೊತ್ತಿಲ್ಲ. ಹೆಸರು, ಊರು, ಜಾತಿ ಕೇಳುವುದಿಲ್ಲ, ರೂಪ ನೋಡಿ ಪಂಗತಿಗೆ ಕೂರಿಸುತ್ತದೆ. ಯಾವುದೋ ದ್ವೀಪದ ಮೀನಿನ ಗಾಳದ ಪಕ್ಕ ಯಾರದೋ ರಾಣಿಯ ಓಲೆ. ಎರಡೂ ಕೊಕ್ಕೆ ಇದ್ದಂತೆ ಇವೆಯಲ್ಲ, ಅದಕ್ಕೆ. ಇಂಥ ಪಂಗತಿ ನಮ್ಮೂರಲ್ಲಿ ಕೂತರೆ ಅನ್ನ ಬಡಿಸುವುದರೊಳಗೆ ತಲೆ ಒಡೆದಿರುತ್ತವೆ.

"ನೀವೂ ಏನಾದರೂ ತೋರಿಸಿ, ಅದರ ಹಾಗಿರುವುದನ್ನು ಹುಡುಕುತ್ತದೆ" ಅಂದಳು ಮಾರ್ಟಾ.

ಎಲೆ ಅಡಿಕೆ ಸಂಚಿ ತೋರಿಸಿದೆ. ಯಾವನೋ ಸಿಪಾಯಿಯ ಟೋಪಿ ಬಂತು. ಮಾರ್ಟಾ ನನ್ನನ್ನೇ ಕನ್ನಡಿಯಂಥ ಒಂದು ಕಣ್ಣಿನ ಮುಂದೆ ನಿಲ್ಲಿಸಿದಳು. ಗೋಡೆಯೆಲ್ಲ ಗಿರ್ರನೆ ತಿರುಗಿ ನಿಂತಿತು. ನನ್ನ ಮಾರಿಯ ಪಕ್ಕ ಬಂದು ಕೂತದ್ದು ಕುದುರೆಯ ಒಂದು ಹಳೇ ಜೀನು. ತೊಗಲೆಲ್ಲ ಸುಕ್ಕುಗಟ್ಟಿ, ಅಂಚು ಬಿರಿದಿತ್ತು.

ಪಾರ್ವತಿ ಮೇಡಂ ಕಾಲೇಜಿನವರು ಎಂಬುದನ್ನೂ ಮರೆತು ನೆಲಕ್ಕೆ ಕೂತು ನಕ್ಕರು. ಅವರನ್ನೂ ಎಬ್ಬಿಸಿ ನಿಲ್ಲಿಸಿದೆ. ಚಹಾದ ಕೆಟಲು ಬಂತು. ಆಮೇಲೆ ನಗಲಿಲ್ಲ.

"ಇದರ ಮಾತು ನಂಬಿ ನನ್ನ ಇಷ್ಟು ದೂರ ಕರಿಸೀಯೇನವ್ವ?" ಅಂದೆ ಮಾರ್ಟಾಳಿಗೆ.

ಮಾರ್ಟಾ ಮುಚ್ಚುಮರೆ ಮಾಡಲಿಲ್ಲ. ಕೆಳಗಿನ ಮಾಗಾಣಿಯ ದೇವಿಯ ಫೋಟೋವನ್ನು ಮೊದಲು ತೋರಿಸಿದಾಗ ಕಂಪ್ಯೂಟರು ಒಂದು ಗೂಬೆಯನ್ನು ಹುಡುಕಿ ಕೊಟ್ಟಿತಂತೆ. ಮರದ ಗೂಬೆ. ಬೆಳ್ಳಿ ಕಣ್ಣು ಕಂಡು ಮರುಳಾಗಿತ್ತು. ಆಮೇಲೆ ಆಕೆ ಫೋಟೋದಲ್ಲಿ ಕಣ್ಣಿನ ಮೇಲೆ ಕರಿಪಟ್ಟಿ ಎಳೆದು ಮತ್ತೆ ಕೇಳಿದಳಂತೆ. ಆಗ ಮೂಗು, ಗದ್ದ, ಕಿವಿ ನೋಡಿ ಉಗ್ರಾಣದ ಆ ಮುಖವನ್ನು ತಂದು ಪಕ್ಕಕ್ಕೆ ಕೂರಿಸಿತು.

"ಇದು ಹೋಲಿಕೆ ಮಾತ್ರ ಹೇಳುತ್ತದೆ, ಗಂಗವ್ವ. ಅದೇ ಹೌದೋ ಅಲ್ಲವೋ ಇದಕ್ಕೆ ಗೊತ್ತಿಲ್ಲ. ಅದಕ್ಕೇ ನೀವು ಬೇಕು" ಅಂದಳು.

ಇಷ್ಟು ಹೇಳಿ, ಇಗೋ ನೋಡಿ ಎಂದು ಆ ಮುಖವನ್ನು ಗೋಡೆಯ ತುಂಬಾ ದೊಡ್ಡದು ಮಾಡಿಬಿಟ್ಟಳು. ಕಣ್ಣಿಲ್ಲ, ಕುಂಕುಮ ಇಲ್ಲ, ಬರೀ ಮುಖ ಅಂತ ಮೇಡಂ ಆಮೇಲೆ ಹೇಳಿದರು. ಅದು ಮೂಡುವಷ್ಟರಲ್ಲಿ ನಾನು ಸೆರಗು ಮಾರಿಗೆ ಎಳೆದುಕೊಂಡು ಗೋಡೆಗೆ ಬೆನ್ನು ಹಾಕಿದೆ.

"ಏನಾಯಿತು?" ಎಂದು ಮಾರ್ಟಾ ಗಾಬರಿಯಾದಳು.

"ನಾ ನೋಡಂಗಿಲ್ಲ."

"ನೋಡಲಿಕ್ಕೇ ಅಲ್ಲವೇ ಬಂದದ್ದು?"

"ನೋಡಾಕ ಅಂತ ಯಾರು ಹೇಳಿದ್ರು? ಗುರುತು ಹಿಡಿಯಾಕ ಬಂದೀನಿ. ಅದನ್ನ ಆರಿಸು ಮೊದಲು."

ಒಂದು ಬೆರಳು

ಮರುದಿನ ಆ ಮುಖವನ್ನು ಮೆತ್ತನೆಯ ಬಿಳಿ ಹಾಸಿಗೆಯ ಮೇಲೆ ಇಟ್ಟಿದ್ದರಂತೆ. ನಾನು ಬಾಗಿಲಲ್ಲೇ ಕಣ್ಣು ಮುಚ್ಚಿದೆ. ಮೇಡಂ ಕೈ ಹಿಡಿದು ಕರೆದೊಯ್ದು ಕೂರಿಸಿದರು. ಮಾರ್ಟಾ ನನ್ನ ಕೈಗೆ ರಬ್ಬರಿನ ಚೀಲ ತೊಡಿಸಿದಳು. ಬೆವರು ತಾಗಿದರೆ ಹಿತ್ತಾಳೆ ಕೆಡುತ್ತದಂತೆ.

ಮುಟ್ಟಿದೆ. ರಬ್ಬರನ್ನೇ ಮುಟ್ಟಿದ ಹಾಗಾಯಿತು.

"ಇದನ್ನ ತೆಗಿ."

"ಆಗುವುದಿಲ್ಲ, ನಿಯಮ."

"ನಂದೂ ನಿಯಮನ. ನಾ ಕಣ್ಣು ತೆಗಿಯಂಗಿಲ್ಲ, ನೀ ಕೈಚೀಲ ತೆಗಿಯಂಗಿಲ್ಲ. ಹಿಂಗ ಕುಂತ್ರ ಇಬ್ರೂ ಇಲ್ಲೇ ಸಾಯ್ತೀವಿ, ಆಮ್ಯಾಲ ನಮ್ಮನ್ನೂ ಗಾಜಿನಾಗ ಇಡ್ತಾರ."

ಮಾರ್ಟಾ ಯಾರಿಗೋ ಫೋನು ಮಾಡಿದಳು. ಆ ದೊಡ್ಡವರು ಇನ್ನೂ ದೊಡ್ಡವರನ್ನು ಕೇಳಿದರು. ಕೊನೆಗೆ ಅಪ್ಪಣೆಯಾಯಿತು, ಒಂದು ಬೆರಳು. ಸಾಬೂನು ಹಚ್ಚಿ ತೊಳೆದ ಒಂದೇ ಬೆರಳು.

ಆ ಒಂದು ಬೆರಳಿನಲ್ಲೇ ಹಣೆಯಿಂದ ಇಳಿದೆ. ಹುಬ್ಬು ಅದೇ. ಮೂಗಿನ ಕಮಾನು ಅದೇ, ಮೂಗುತಿಯ ತೂತು ಅದೇ. ಕೆಳತುಟಿಯ ಉಬ್ಬು ಅದೇ. ಹುಲಿಗೆವ್ವನ ಬಾಗಿಲು ಕಣ್ಣ ಮುಂದೆ ಬಂತು. ಆಗಲಿ, ಬಗ್ಗಿದರಾಯಿತು ಎಂದುಕೊಂಡು ಬೆರಳನ್ನು ಎಡಗಿವಿಯ ಹಿಂದಕ್ಕೆ ಹಾಕಿದೆ.

ನುಣ್ಣಗಿತ್ತು.

ಮತ್ತೊಮ್ಮೆ ಹಾಕಿದೆ. ಬಲಗಿವಿಯ ಹಿಂದೆಯೂ ನೋಡಿದೆ. ಎಲ್ಲೂ ಗಂಟು ಇಲ್ಲ.

"ನಮ್ಮಾಕಿ ಅಲ್ಲ ಇಕಿ" ಅಂದೆ.

ಶರಣಪ್ಪನ ಮಾತು ನೆನಪಾಗದೆ ಇರಲಿಲ್ಲ. ನಮ್ಮದು ಅಂದಿದ್ದರೆ ಅಲ್ಲಿ ಯಾರು ಬೇಡ ಅನ್ನುತ್ತಿದ್ದರು? ಆದರೆ ಪರರ ಮನೆಯ ದೇವಿಯನ್ನು ತಂದು ನಮ್ಮ ಗುಡಿಯಲ್ಲಿ ಕೂರಿಸಿದರೆ ವರ್ಷಾ ವರ್ಷಾ ತೊಳೆಯಬೇಕಾದಾಕೆ ನಾನು. ಕೈಗೆ ಗೊತ್ತಾಗುತ್ತದೆ.

ಮಾರ್ಟಾ "ಹಾಗಾದರೆ ಕಂಪ್ಯೂಟರು ತೋರಿಸಿದ ಹೋಲಿಕೆ? ಕೆಳಗಿನ ಊರಿನ ದೇವಿಗೆ ಆ ಗಂಟು ಇದೆಯೇ?" ಎಂದು ಕೇಳಿದಳು.

"ತಂಗಿಗೆ ಎಲ್ಲಿಂದ ಬರತೈತಿ? ಅದು ಅಕ್ಕಂದು."

"ಯಾರಾದರೂ ಮುಟ್ಟಿ ನೋಡಿದ್ದಾರೆಯೇ?"

ಮುಟ್ಟುವಾಕೆ ಜಗತ್ತಿನಲ್ಲಿ ಒಬ್ಬಳೇ ಇದ್ದಳು.

ಎಮ್ಮೆಯ ಮೂಲಕ ಫೋನು

ಹುಲಿಗೆವ್ವನ ಸೊಸೆಯ ನಂಬರು ಮೇಡಂ ಹತ್ತಿರ ಇತ್ತು, ಫೋಟೋ ತೆಗೆದಾಗಿನದು. ಫೋನನ್ನು ನನ್ನ ಕಿವಿಗೆ ಹಿಡಿದರು. ನನ್ನ ಬೆರಳು ಇನ್ನೂ ದೇವಿಯ ಕಿವಿಯ ಹಿಂದೆಯೇ ಇತ್ತು, ತೆಗೆದರೆ ಮತ್ತೆ ಅಪ್ಪಣೆ ಸಿಗುತ್ತದೋ ಇಲ್ಲವೋ.

"ಯಾರು?" ಅಂತು ಆ ಕಡೆಯಿಂದ ಹುಲಿಗೆವ್ವನ ಧ್ವನಿ.

"ನಾನು."

ಎಮ್ಮೆಯ ಗಂಟೆಯ ಸದ್ದೂ ಕೇಳಿಸಿತು.

"ಏ ಎಮ್ಮಿ, ಯಾರೋ 'ನಾನು' ಅಂತಾರ. ನಮಗ ಹಂಗನ್ನೋರು ಯಾರೂ ಇಲ್ಲ ಅಂತ ಹೇಳು."

"ಎಮ್ಮಿಗೆ ಹೇಳು, ಗುಡಿಗೆ ಹೋಗಿ ಅಮ್ಮನ ಎಡಗಿವಿ ಹಿಂದ ಬೆರಳು ಹಾಕಬೇಕಂತ."

"ಕೇಳಿದ್ಯೇನ ಎಮ್ಮಿ? ಜರ್ಮನಿಗೆ ಹೋದ್ರೂ ದೊಡ್ಡಾಕಿ ಹುಕುಂ ಬಿಟ್ಟಿಲ್ಲ. ಯಾಕ ಹಾಕಬೇಕಂತ ಕೇಳು."

"ಗಂಟು ಐತೇನು ನೋಡಾಕ."

ಮೇಡಂ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಈ ಪೂಜೆಯಲ್ಲಿ ಎಮ್ಮೆಯ ಪಾತ್ರ ಏನು ಎಂದು ಮಾರ್ಟಾ ಗಂಭೀರವಾಗಿ ಕೇಳಿದಳಂತೆ.

ಹುಲಿಗೆವ್ವನ ಮನೆಗೂ ಗುಡಿಗೂ ಒಂದೇ ಗೋಡೆ. ಬಾಗಿಲ ಚಿಲಕ ತೆಗೆದ ಸದ್ದಾಯಿತು, ಹೂವಿನ ಹಾರ ಸರಿಸಿದ ಸದ್ದಾಯಿತು.

"ಐತಿ" ಅಂದಳು. "ಹುಣಸಿಬೀಜದಷ್ಟು ಐತಿ. ಇದನ್ನೇನು ಕೇಳೋದು? ಮೊದಲಿಂದಾನೂ ಐತಿ. ಉಗುರು ಹಾಕಿ ಕಿಲುಬು ತೆಗೆದು ತೆಗೆದು ನನ್ನ ಬೆರಳು ಸವೆದೈತಿ."

"ಮೊದಲಿಂದ ಅಂದ್ರ ಯಾವಾಗಿಂದ?"

"ನಾ ತೊಳೆಯಾಕ ಹಿಡಿದಾಗಿಂದ."

ಅವಳು ತೊಳೆಯಲು ಹಿಡಿದದ್ದೇ ಕಳುವಿನ ವರ್ಷ. ಅದಕ್ಕೆ ಮೊದಲು ತೊಳೆಯುತ್ತಿದ್ದಾಕೆ ಅವಳ ಅತ್ತೆ, ಆ ವರ್ಷವೇ ತೀರಿಹೋಗಿದ್ದಳು. ಕಳುವಿಗೆ ಸ್ವಲ್ಪ ಮುಂಚೆ ಅಕ್ಕ ತಂಗಿ ದೇವಿಯರನ್ನು ಹೊಳೆಗೆ ಒಯ್ದು ಒಟ್ಟಿಗೆ ಮೀಸುವ ಹಬ್ಬ ನಡೆದಿತ್ತು. ಬರೀ ಮುಖ ಕಾಣಬಾರದು ಅಂತ ಇಬ್ಬರನ್ನೂ ಒಂದೇ ಥಾನಿನ ಹಳದಿ ಬಟ್ಟೆಯಲ್ಲಿ ಸುತ್ತಿ, ಎರಡೂ ಊರಿನ ಪೂಜಾರಿಗಳು ತಲೆಯ ಮೇಲೆ ಹೊತ್ತು ತಂದಿದ್ದರು. ಆ ಇಬ್ಬರೂ ಹೊಳೆದಂಡೆಯಲ್ಲಿ ಗಡಿಗೆಗಟ್ಟಲೆ ಹೆಂಡ ಕುಡಿದು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಹಾಡಿದ್ದು ನನಗೆ ನೆನಪಿದೆ. ಯಾರದ್ದನ್ನು ಯಾರು ಹೊತ್ತರೋ ಬಿಚ್ಚಿ ನೋಡುವಂತಿರಲಿಲ್ಲ. ನಮ್ಮ ಗುಡಿಗೆ ಬಂದದ್ದು ತಂಗಿ. ನಾನು ಮುಟ್ಟಿ ತೊಳೆಯುವ ದಿನ ಬರುವ ಮೊದಲೇ ಕಳುವಾದದ್ದೂ ತಂಗಿಯೇ.

"ಹುಲಿಗಿ, ಇಷ್ಟು ವರ್ಷ ನೀ ತೊಳೆದದ್ದು ನಮ್ಮಾಕಿನ್ನ."

ಮತ್ತೊಮ್ಮೆ ಬೆರಳು ಹಾಕಿದಳೇನೋ, ಬಳೆ ಸದ್ದಾಯಿತು.

"ಹಂಗಾದ್ರ ನಮ್ಮಾಕಿ?"

"ಇಲ್ಲಿ ನನ್ನ ಬೆರಳಿನ ಕೆಳಗ ಅದಾಳ."

"ಅಲ್ಲಿ ಚಳಿ ಐತೇನು?"

"ಭಾಳ ಐತಿ."

"ಹುಣಸಿಹಣ್ಣು ಹಚ್ತಾರೇನು?"

"ಬ್ರಷ್ಷಿಲೆ ಧೂಳು ಹೊಡಿತಾರ."

"ಥೂ ಅವರ! ಯಕ್ಕಾ, ನೀ ಒಯ್ದೀಯಲ್ಲ, ಒಂದೀಟು ಹಚ್ಚು."

"ಬಿಡಂಗಿಲ್ಲ. ಒಂದು ಬೆರಳಿಗೆ ದರಬಾರ ಮಾಡ್ಯಾರ."

ಫೋನು ಇಟ್ಟ ಮೇಲೆ ಗೊತ್ತಾಯಿತು, ಕೊನೆಗೆ ಅವಳು ಎಮ್ಮೆಗೆ ಹೇಳಿರಲಿಲ್ಲ.

ಕಂಬಳಿಯ ಹಿಂದೆ

ವಾಪಸು ಬಂದಾಗ ಎರಡೂ ಊರು ಕಾಲುವೆಯ ಸೇತುವೆ ಮೇಲೆ ಕೂಡಿದ್ದವು. ನಮ್ಮಾಕೆಯನ್ನು ಕೊಡಿ ಎಂದು ನಮ್ಮವರು, ಮೊದಲು ನಮ್ಮಾಕೆ ಜರ್ಮನಿಯಿಂದ ಬರಲಿ ಎಂದು ಅವರು. ನಿಮ್ಮ ಗುಡಿಯಲ್ಲಿದ್ದಾಗ ನಮ್ಮಾಕೆ ಕಳುವಾದಳು, ನಿಮಗೆ ಕಾಯಲು ಬರಲಿಲ್ಲ ಎಂದು ಅವರಲ್ಲೊಬ್ಬ. ಶರಣಪ್ಪ ಗಂಟಲು ಹರಿದುಕೊಂಡ. ಪೂಜಾರಿಗಳಿಬ್ಬರೂ ಸತ್ತು ಬಚಾವಾಗಿದ್ದರು.

ಮಾರ್ಟಾಳ ಕಡೆಯವರು ಕೊಡುವುದಿಲ್ಲ ಅಂದಿಲ್ಲ. ಅವರಲ್ಲೂ ಹಿರಿಯರು ಕೂಡಬೇಕಂತೆ, ಮಾತಾಡಬೇಕಂತೆ. ಒಂದು ಬೆರಳಿಗೆ ಹಿಡಿದ ಹೊತ್ತು ನೋಡಿದರೆ ಇಡೀ ಮುಖಕ್ಕೆ ಎಷ್ಟು ಹಿಡಿಯುತ್ತದೋ.

ಅಷ್ಟರಲ್ಲಿ ತೊಳೆಯುವ ದಿನ ಬಂತು. ಇರುವುದು ಒಂದು ಮುಖ, ಊರು ಎರಡು. ಯಾರು ತೊಳೆಯಬೇಕು ಎಂದು ಗಂಡಸರು ಮತ್ತೆ ಸೇತುವೆ ಮೇಲೆ ಕೂತರು. ನಾನು ಜರ್ಮನಿ ಕಂಡು ಬಂದ ಹುಣಸೆಮುದ್ದೆ ಹಿಡಿದು ಅವರ ನಡುವೆಯೇ ದಾಟಿ ಹೋದೆ. ಹುಲಿಗೆವ್ವ ಕಂಬಳಿ ಕಟ್ಟುತ್ತಿದ್ದಳು.

"ತಡ ಮಾಡಿದಿ" ಅಂದಳು. ಕಾಲುವೆ ದಾಟಲು ನನಗೆ ಹಿಡಿದ ಕಾಲಕ್ಕೆ ಅವಳು ಅಂದದ್ದು ಅಷ್ಟೇ.

ಕಂಬಳಿಯ ಹಿಂದೆ ಎದುರುಬದುರು ಕೂತೆವು. ನಡುವೆ ದೇವಿ. ಬೆಳ್ಳಿ ಕಣ್ಣು ತೆಗೆದೆವು, ನಾವೂ ಕಣ್ಣು ಮುಚ್ಚಿದೆವು. ನಾಲ್ಕು ಕೈ, ಒಂದು ಮುಖ. ನನ್ನ ಬೆರಳು ಎಡಗಿವಿಯ ಹಿಂದೆ ಹೋದಾಗ ಗಂಟು ಅಲ್ಲೇ ಇತ್ತು. ಕಿಲುಬು ಒಂದಿಷ್ಟೂ ಇರಲಿಲ್ಲ. ತಂಗಿ ಚೆನ್ನಾಗಿ ತೊಳೆದಿದ್ದಾಳೆ. ಹೇಳಲಿಲ್ಲ, ಸೊಕ್ಕು ಬರುತ್ತದೆ.

"ಯಕ್ಕಾ, ಅಲ್ಲಿ ನಮ್ಮಾಕಿನ ಮಾರಿ ನೋಡಿದ್ಯೇನ? ಖರೇ ಹೇಳು."

"ನೋಡಿಲ್ಲ."

"ಈಗರ ಕಣ್ಣು ಮುಚ್ಚೀಯೇನ?"

"ಮುಚ್ಚೀನಿ."

ಬೊಗಸೆ ಹುಣಸೆನೀರು ಬಂದು ಸರಿಯಾಗಿ ನನ್ನ ಎರಡೂ ಕಣ್ಣಿಗೆ ಹೊಡೆಯಿತು. ಬೆಂಕಿ ಬಿದ್ದಂತೆ ಉರಿಯಿತು.

"ಮುಚ್ಚಿದ್ರ ಯಾಕ ಉರೀತೈತಿ?" ಎಂದು ಹುಲಿಗೆವ್ವ ಕೇಕೆ ಹಾಕಿದಳು.

"ನೀ ಮುಚ್ಚಿದ್ರ ಇಷ್ಟು ಗುರಿ ಹೆಂಗ ಹಿಡಿದಿ, ಲೇ?"

ಕಂಬಳಿಯ ಆಚೆ, ನನ್ನ ಹಿಂದೆಯೇ ಬಂದಿದ್ದ ಗಂಡಸರು ಮಾತು ನಿಲ್ಲಿಸಿದರು. ಒಳಗೆ ಅದೇನು ನಗೆ ಎಂದು ಯಾರೋ ಕೇಳಿದರು.

ದೇವಿಯ ಮುಖ ನಾನು ನೋಡಿಲ್ಲ. ಇದು ಖರೆ. ಕಣ್ಣು ತೆರೆದು ನೋಡುತ್ತಿದ್ದದ್ದು ಎದುರಿಗೆ ಕೂತಾಕೆಯನ್ನು. ಇಷ್ಟು ವರ್ಷ ಕಾಲುವೆಯ ಆಚೆಯಿಂದ ಕಂಡದ್ದು ಬರೀ ಆಕೆಯ ಬಾಯಿ. ಹತ್ತಿರದಿಂದ ಭಾಳ ಮುದುಕಿಯಾಗಿದ್ದಾಳೆ. ತೊಗಲು ಸುಕ್ಕುಗಟ್ಟಿ, ಅಂಚು ಬಿರಿದಿದೆ. ಆ ಗೋಡೆಯ ಮುಂದೆ ಒಯ್ದು ನಿಲ್ಲಿಸಿದರೆ ಕಂಪ್ಯೂಟರು ಒಂದು ಗಳಿಗೆಯೂ ಯೋಚಿಸದೆ ಅದೇ ಜೀನಿನ ಪಕ್ಕ, ನನ್ನ ಮಗ್ಗುಲಿಗೆ ತಂದು ಕೂರಿಸುತ್ತದೆ.